ಐದು ವರ್ಷದವಳ ಚಾಳೀಸು

ಮನೆಯಲ್ಲಿ ಒಬ್ಬರಿಗೆ ಕನ್ನಡಕ ಬಂದರೆ ಉಳಿದವರ ಪೆದ್ದುತನ ಒಂದೊಂದಾಗಿ ಹೊರಬೀಳುತ್ತದೆ. ನಮ್ಮಲ್ಲಿ ಕನ್ನಡಕ ಬಂದದ್ದು ಐದು ವರ್ಷದ ಮಗಳಿಗೆ. ಪೆದ್ದುತನದಲ್ಲಿ ಹೆಚ್ಚಿನ ಪಾಲು ನನ್ನದು.

೧. ಅದೃಷ್ಟ

ದೂರ ನೋಡುವಾಗ ಅವಳ ಕಣ್ಣು ನೆಟ್ಟಗೇ ಇರುತ್ತಿತ್ತು. ತಟ್ಟೆಯನ್ನೋ ಫೋನನ್ನೋ ನೋಡಿದರೆ ಎಡಗಣ್ಣು ಮೂಗಿನ ಕಡೆ ಸರಿಯುತ್ತಿತ್ತು. ಉಡುಪಿಯಲ್ಲಿರುವ ನನ್ನ ಅಮ್ಮ ಮೊಮ್ಮಗಳನ್ನು ಕಾಣುತ್ತಿದ್ದದ್ದು ವೀಡಿಯೊ ಕಾಲ್‌ನಲ್ಲಿ ಮಾತ್ರ. ಹಾಗಾಗಿ ಅವರಿಗೆ ಯಾವಾಗಲೂ ಕಾಣುತ್ತಿದ್ದದ್ದು ಮೆಳ್ಳೆಗಣ್ಣೇ.

"ಎಂತ ಹೆದರ್ತಿ ಮಾರಾಯ? ಅದು ಅದೃಷ್ಟ. ಮನೆಗೆ ಒಳ್ಳೇದಾಗ್ತದೆ" ಎಂದರು.

ನನಗೂ ಅದೇ ಬೇಕಿತ್ತು. ನಾವಿರುವ ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ಹತ್ತಿರ ಬರುತ್ತಿತ್ತು, ನಾನು ಕೆಲಸ ಮಾಡುವ ಹಮದ್ ಬಂದರಿನಲ್ಲಿ ಸರಕು ಇಳಿಸಿ ಮುಗಿಯುತ್ತಿರಲಿಲ್ಲ, ರಜೆ ಕೇಳುವ ಧೈರ್ಯ ಇರಲಿಲ್ಲ. ಅದೃಷ್ಟವನ್ನು ಕಾಯುತ್ತಾ ಒಂದು ವರ್ಷ ಹಾಳುಮಾಡಿದೆ. ಆ ವರ್ಷ ಮನೆಗೆ ಬಂದ ಒಂದೇ ಒಳ್ಳೆಯದೆಂದರೆ ಆಫೀಸಿನವರು ಹಂಚಿದ ಫುಟ್‌ಬಾಲ್ ಚಿತ್ರದ ಚಹಾ ಲೋಟ. ಅದರ ಹಿಡಿ ಮುರಿದಿತ್ತು.

೨. ಚೀಟಿ

ಕೊನೆಗೆ ಕರೆದುಕೊಂಡು ಹೋದೆವು. ಡಾಕ್ಟರು ಮೈಸೂರಿನ ಹೆಂಗಸು. "ಹತ್ತಿರ ನೋಡೋಕೆ ಕಣ್ಣು ಶ್ರಮಪಡುತ್ತೆ, ಆ ಶ್ರಮಕ್ಕೆ ಒಳಗೆ ತಿರುಗುತ್ತೆ. ಬೈಫೋಕಲ್ ಹಾಕಿದ್ರೆ ಕೆಳಗಿನ ಗಾಜು ಆ ಶ್ರಮ ತಪ್ಪಿಸುತ್ತೆ. ಇನ್ನೂ ತಡ ಮಾಡಿದ್ರೆ ಮೆದುಳು ಎಡಗಣ್ಣನ್ನ ಲೆಕ್ಕಕ್ಕೇ ಹಿಡಿಯಲ್ಲ. ಮೂರು ತಿಂಗಳು ನೋಡೋಣ. ಆಗದಿದ್ರೆ ಆಪರೇಷನ್ ಯೋಚಿಸಬೇಕಾಗುತ್ತೆ."

ಹೆಂಡತಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

"ಬೈಫೋಕಲ್ ನಲವತ್ತು ದಾಟಿದವರಿಗಲ್ವಾ ಡಾಕ್ಟ್ರೇ?" ಎಂದೆ.

"ನಿಮಗೂ ಬರೀತೀನಿ. ನಾನು ಕೊಟ್ಟ ಚೀಟಿನ ಆಗಿಂದ ತಲೆಕೆಳಗಾಗಿ ಓದ್ತಿದ್ದೀರಿ."

೩. ಅಪ್ಪನ ಅಳತೆ

ದೋಹಾ ಅಲ್ ಜದೀದಾ ಬಡಾವಣೆಯ ಒಂದು ಅಂಗಡಿಯಲ್ಲಿ ಅಪ್ಪ ಮಗಳು ಇಬ್ಬರಿಗೂ ಕನ್ನಡಕ ಮಾಡಿಸಿದೆವು. ಇಬ್ಬರದ್ದಕ್ಕೂ ಕೆಳಗೆ, ಹತ್ತಿರದ ಗಾಜು ಶುರುವಾಗುವಲ್ಲಿ, ಒಂದು ಗೆರೆ. ಅವಳು ಗೆರೆಯ ಮೇಲಿನಿಂದಲೇ ಪುಸ್ತಕ ನೋಡುತ್ತಿದ್ದಳು, ಕಣ್ಣು ಹಾಗೇ ಒಳಗೆ ಸರಿಯುತ್ತಿತ್ತು. "ಕೆಳಗಿನ ಗಾಜಲ್ಲಿ ನೋಡು" ಎಂದು ಎರಡು ತಿಂಗಳು ಬೈದೆ. ಒಂದು ದಿನ ಬೆನ್ನಿಗೆ ಏಟು ಹಾಕಿದೆ. ಅವಳು ಅಳಲಿಲ್ಲ. ಕನ್ನಡಕ ತೆಗೆದು ಫ್ರಾಕಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.

ಡಾಕ್ಟರು ನೋಡಿ, "ಮಗುದೇನೂ ತಪ್ಪಿಲ್ಲ. ಮಕ್ಕಳಿಗೆ ಗೆರೆ ಕಣ್ಣುಗುಡ್ಡೆಯ ನಡುವೆ ಬರಬೇಕು. ಇದು ಕೆನ್ನೆ ಹತ್ತಿರ ಇದೆ" ಎಂದರು. ಅಂಗಡಿಯವನನ್ನು ಕೇಳಿದರೆ, "ಅಪ್ಪ ಮಗಳು ಅಲ್ಲವೇ ಸಾರ್, ಇಬ್ಬರಿಗೂ ಒಂದೇ ಅಳತೆ ಇಟ್ಟೆ" ಎಂದ.

ಕಾರಿನಲ್ಲಿ ಮಗಳಿಗೆ, "ತಪ್ಪಾಯ್ತು ಮಗಾ" ಎಂದೆ.

"ಓಕೆ ಪಪ್ಪ. ಬಟ್ ನಿಮ್ಮ ಲೈನ್ ಕೂಡ ಚೆಕ್ ಮಾಡ್ಸಿ."

೪. ಬೆಳ್ಳಿ ಕಣ್ಣು

ಗೆರೆ ಮೇಲಕ್ಕೇರಿದ ಮೇಲೆ ಕಣ್ಣು ನಿಧಾನವಾಗಿ ನೆಟ್ಟಗಾಯಿತು. ಅಷ್ಟರಲ್ಲಿ ವಿಶ್ವಕಪ್ ಮುಗಿದಿತ್ತು. ನಮ್ಮ ಆಫೀಸಿನ ಅರ್ಧ ಜನರನ್ನು ಖಲಾಸ್ ಎಂದು ಕೆಲಸದಿಂದ ತೆಗೆದಿದ್ದರು. ಮುಂದಿನ ಪಟ್ಟಿಯಲ್ಲಿ ನನ್ನ ಹೆಸರು ಇದೆಯೋ ಎಂದು ನಾನು ದಿನಾ ಹೆದರುತ್ತಿದ್ದೆ. ಕೆಲಸ ಹೋದರೆ ಮಗಳ ಡಾಕ್ಟರೂ ಹೋದ ಹಾಗೆ.

ಅಮ್ಮ ನಮಗೆ ಹೇಳದೆ ಊರಿನ ದೇವರಿಗೆ ಬೆಳ್ಳಿ ಕಣ್ಣಿನ ಹರಕೆ ಹೊತ್ತಿದ್ದರು. "ವಾಸಿಯಾಯ್ತಲ್ಲ?" ಎಂದು ಫೋನಿನಲ್ಲಿ ಕೇಳಿದರು. ಕನ್ನಡಕ ತೆಗೆದರೆ ಕಣ್ಣು ಮತ್ತೆ ತಿರುಗುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಮ್ಮ ಯೋಚನೆಗೆ ಬಿದ್ದರು.

ವಾರದ ಮೇಲೆ ವೀಡಿಯೊ ಕಾಲ್ ಮಾಡಿದರು. ಕೈಯಲ್ಲಿ ಬೆಳ್ಳಿಯ ಕಣ್ಣುಗಳು, ಅವುಗಳ ಮೇಲೆ ಬೆಳ್ಳಿಯ ಕನ್ನಡಕ, ಅದರಲ್ಲಿ ಆಚಾರಿ ಕೊರೆದ ಗೆರೆ. "ಬರೀ ಕಣ್ಣು ಕೊಟ್ಟರೆ ದೇವರಿಗೆ ಸುಳ್ಳು ಹೇಳಿದ ಹಾಗಾಗ್ತದೆ" ಎಂದರು.

ಮಗಳು ಫೋನನ್ನು ಮುಖದ ಹತ್ತಿರ ಹಿಡಿದು ಕೆಳಗಿನ ಗಾಜಿನಲ್ಲಿ ನೋಡಿದಳು. ಎರಡು ಕಣ್ಣೂ ಒಟ್ಟಿಗೆ ತಮ್ಮನ್ನು ನೋಡುವುದನ್ನು ಅಮ್ಮ ಅಂದೇ ಮೊದಲ ಸಲ ಕಂಡದ್ದು. ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗಳ ಗಮನ ಬೆಳ್ಳಿಯ ಮೇಲೆ.

"ಅಜ್ಜಿ, ಲೈನ್ ತುಂಬಾ ಕೆಳಗೆ ಉಂಟು. ದೇವರಿಗೆ ದೂರದ್ದು ಮಾತ್ರ ಸರಿ ಕಾಣ್ತದೆ."

"ಇರ್ಲಿ ಮಗಾ" ಎಂದರು ಅಮ್ಮ. "ನೀವು ಇರೂದು ದೂರದಲ್ಲೇ ಅಲ್ವಾ?"