ಸಪ್ಪಳವಿಲ್ಲದ ಜೀಪು

ಒಮ್ಮೆ ರಿಪೇರಿಯಾದ ಎಂಜಿನ್ನು ಮತ್ತೆ ಅದೇ ರೋಗ ಹಿಡಿದು ಬಂತೆಂದರೆ ಅದರ ಹಿಂದೆ ಯಾರೋ ಒಬ್ಬ ಒಳ್ಳೆಯ ಮನುಷ್ಯ ಇದ್ದೇ ಇರುತ್ತಾನೆ. ಕೆಟ್ಟವರು ಎಂಜಿನ್ನಿನ ಗೊಡವೆಗೇ ಹೋಗುವುದಿಲ್ಲ. ಒಳ್ಳೆಯವರು ಮಾತ್ರ ಅದಕ್ಕೆ ಏನಾದರೂ ಉಪಕಾರ ಮಾಡದೆ ಬಿಡುವುದಿಲ್ಲ.

ನಾನು ಏಳನೇ ತರಗತಿ ಅರ್ಧಕ್ಕೆ ಬಿಟ್ಟು ಊರೂರು ತಿರುಗಿದವನು. ಮುಂಡಗೋಡದಲ್ಲಿ ಅಕ್ಕಿ ಗಿರಣಿ, ಕ್ಯಾಸಲ್‌ರಾಕ್‌ನಲ್ಲಿ ಚಹಾದಂಗಡಿ, ಸೂಪಾ ಕಡೆ ಲಾರಿ ಕ್ಲೀನರ್ ಕೆಲಸ, ಯಾವುದರಲ್ಲೂ ಆರು ತಿಂಗಳು ನಿಂತವನಲ್ಲ. ತೊಂಬತ್ತರ ದಶಕದ ಕೊನೆಗೆ ದಾಂಡೇಲಿಯ ಒಂದು ಗ್ಯಾರೇಜು ಸೇರಿದೆ. ಅಲ್ಲಿಯ ಉಸ್ತಾದರು ಎರಡು ವರ್ಷ ಬೈದು ಬೈದು ಕಲಿಸಿ, ಎಂಜಿನ್ನಿನ ತಲೆ, ಅಂದರೆ ಹೆಡ್ಡಿನ ಕೆಲಸ ಪೂರ್ತಿ ನನ್ನ ಕೈಗೇ ಬಿಟ್ಟರು. ಜೀವನದಲ್ಲಿ ಮೊದಲ ಸಲ ಒಂದು ಜಾಗ ಬಿಟ್ಟು ಹೋಗಬಾರದು ಅನ್ನಿಸಿತು. ಸರಿಯಾಗಿ ಆಗಲೇ ಆ ಜೀಪು ಬಂತು.

೧. ಓಡದ ಮೀಟರು

ಜೀಪು ಹಳಿಯಾಳದ ಕಾಳುಕಡಿ ವ್ಯಾಪಾರದ ಸಾವ್ಕಾರರದು. ಹಳಿಯಾಳದಿಂದ ದಾಂಡೇಲಿ, ಅಲ್ಲಿಂದ ಜೋಯಿಡಾಕ್ಕೆ ದಿನಾ ಮಂದಿ ತುಂಬಿಕೊಂಡು ಹೋಗಿಬರುತ್ತಿತ್ತು. ಬಿಚ್ಚಿ ನೋಡಿದರೆ ವಾಲ್ವಿನ ಸೀಟು ಸುಟ್ಟಿದೆ. ವಾಲ್ವು ಎಂದರೆ ಎಂಜಿನ್ನಿನ ಬಾಗಿಲು, ಸೀಟು ಎಂದರೆ ಬಾಗಿಲು ಬಂದು ಕೂಡುವ ಚೌಕಟ್ಟು. ಬಾಗಿಲು ಪೂರ್ತಿ ಮುಚ್ಚದಿದ್ದರೆ ಅಲ್ಲಿಂದ ಬೆಂಕಿ ನುಗ್ಗಿ ಎರಡನ್ನೂ ಸುಡುತ್ತದೆ.

ಹೊಸ ಸೀಟು ಕೂರಿಸಿ, ಪೇಸ್ಟು ಹಚ್ಚಿ ವಾಲ್ವು ತಿಕ್ಕಿ, ಮೇಲೆ ಚಿಮಣಿ ಎಣ್ಣೆ ಸುರಿದು ಒಂದು ಹನಿಯೂ ಸೋರುವುದಿಲ್ಲ ಎಂದು ನೋಡಿಯೇ ಹೆಡ್ಡು ಕಟ್ಟಿದೆ. ಹೋಗುವಾಗ ಸಾವ್ಕಾರರಿಗೆ ಹೇಳಿದೆ: "ಹೊಸಾ ಸೀಟು ಚೂರು ಕೂತ್ಕೊತೈತ್ರಿ. ಐದನೂರು ಕಿಲೋಮೀಟರ್ ಆದ ಮ್ಯಾಲೆ ತಪ್ಪದ ತರ್ರಿ, ವಾಲ್ವಿನ ಮ್ಯಾಲಿನ ಸಂದಿ ಮತ್ತ ಸರಿ ಮಾಡಬೇಕು."

"ಆತು ತಮ್ಮಾ, ತರ್ತೇನಿ," ಎಂದರು.

ಮೂರು ತಿಂಗಳಾದ ಮೇಲೆ ಜೀಪು ಬಿದಿರು ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು. ಅದೇ ಸೀಟು, ಅದೇ ಸುಟ್ಟ ಗಾಯ. ನನಗೆ ಸಿಟ್ಟು ಬಂತು.

"ಐದನೂರಕ್ಕ ತರ್ರಿ ಅಂತ ಹೇಳಿದ್ನಿಲ್ಲರಿ ಸಾವ್ಕಾರ್ರ?"

ಸಾವ್ಕಾರರು ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ಸ್ಟೇರಿಂಗಿನ ಮುಂದಿನ ಮೀಟರು ತೋರಿಸಿದರು. "ನೀನ ನೋಡಪಾ. ನೀ ಹೇಳಿದ ದಿನ ಎಷ್ಟಿತ್ತೋ ಇವತ್ತೂ ಅಷ್ಟ ಐತಿ. ದಿನಾ ಮುಂಜಾನೆ ನೋಡ್ತೇನಿ, ಒಂದ ಕಿಲೋಮೀಟರೂ ಆಗವಲ್ದು!"

ಮೀಟರಿನ ಕೇಬಲ್ಲು ತುಂಡಾಗಿ ಎರಡು ವರ್ಷವಾಗಿತ್ತು.

೨. ಬಿಟ್ಟಿ ಸವಲತ್ತು

ಮತ್ತೆ ಸೀಟು ಹಾಕಿದೆ. ಕಿಲೋಮೀಟರಿನ ಮಾತು ಬೇಡವೆಂದು ಈ ಸಲ "ಮುಂದಿನ ಸಂತಿ ದಿನ ತರ್ರಿ" ಎಂದೆ. ತಂದರು. ಸಂದಿ ಸರಿ ಮಾಡಿ ಕಳಿಸಿದೆ. ಎದೆಯ ಮೇಲಿನ ಕಲ್ಲು ಇಳಿಯಿತು.

ಮಳೆಗಾಲ ಬಂತು. ಜೀಪೂ ಬಂತು. ಈ ಸಲ ಎಂಜಿನ್ನು ಕಾದು, ಸೀಟು ತನ್ನ ಜಾಗ ಬಿಟ್ಟು ಸಡಿಲಾಗಿತ್ತು. ರೇಡಿಯೇಟರಿನಲ್ಲಿ ನೀರು ಸರಿ ಇದೆ, ಫ್ಯಾನಿನ ಬೆಲ್ಟು ಸರಿ ಇದೆ. ಸುತ್ತಲೂ ಸುರಿಯುವ ಮಳೆ. ಇಂಥ ತಂಪಿನಲ್ಲಿ ಇದು ಕಾದದ್ದು ಹೇಗೆ ಎಂದು ಅರ್ಧ ದಿನ ತಲೆ ಕೆರೆದುಕೊಂಡೆ. ಕೊನೆಗೆ ಮುಂದಿನ ಜಾಳಿಗೆಯಲ್ಲಿ ಕರಿ ಉಣ್ಣೆಯ ಎಳೆ ಸಿಕ್ಕಿಕೊಂಡಿದ್ದು ಕಂಡಿತು. ಡ್ರೈವರನನ್ನು ಕರೆದೆ. ಅವನು ಹಳಿಯಾಳದ ಹತ್ತಿರದ ಹಳ್ಳಿಯವನು, ಬಾಯಿ ತುಂಬ ನಗುವವನು, ಯಾರಿಗೂ ಇಲ್ಲ ಎನ್ನಲಾರದವನು.

"ಇದೇನೋ ಅಣ್ಣಾ?"

"ಕಂಬಳಿದು."

"ಕಂಬಳಿ ಇಲ್ಲ್ಯಾಕ ಬಂತು?"

"ಮಂದಿ ತೊಯ್ಸಿಕೊಂಡು ಬರ್ತಾರಲ್ಲ, ಪಾಪ. ಮುಂದ ಜಾಳಗಿಗೆ ಕಟ್ರಿ ಅಂತೇನಿ. ಒಮ್ಮೊಮ್ಮೆ ನಾಕೈದು ಆಕ್ಕಾವು."

ರೇಡಿಯೇಟರಿಗೆ ಗಾಳಿಯೇ ಹೋಗದಂತೆ ನಾಲ್ಕೈದು ಕಂಬಳಿ! ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಅವನು ನನಗೇ ಸಮಾಧಾನ ಹೇಳಿದ:

"ಹಳಿಯಾಳದಾಗ ತೊಯ್ದು ಏರಿದ ಕಂಬಳಿ ಜೋಯಿಡಾದಾಗ ಬೆಚ್ಚಗಾಗಿ ಇಳಿತೈತಿ. ಬ್ಯಾರೆ ಯಾ ಗಾಡಿಯಾಗ ಐತಿ ಹೇಳು ಈ ಸವಲತ್ತು?"

೩. ಟೈಪಿಂಗ್ ಕ್ಲಾಸು

ಉಸ್ತಾದರು ನಗಲಿಲ್ಲ. ಮೂರನೇ ಸಲ ಹೆಡ್ಡು ಬಿಚ್ಚಿದ್ದನ್ನು ಬೀಡಿ ಸೇದುತ್ತ ನೋಡಿ, "ಬೇಟಾ, ಮಂದಿ ಕೇಳಾಕತ್ತಾರ, ನಿಮ್ಮಲ್ಲಿ ರಿಪೇರಿನೂ ಕಂತಿನ ಮ್ಯಾಲೆ ಮಾಡ್ತೀರೇನು ಅಂತ. ಇನ್ನೊಮ್ಮೆ ಈ ಜೀಪಿನ ಸೀಟು ಹೋತಂದ್ರ ಚೀಲ ತಗೊಂಡು ನಡಿ. ಹೆಡ್ಡಿನ ಕೆಲಸಕ್ಕ ಬ್ಯಾರೆಯವನ್ನ ಇಟ್ಕೊತೇನಿ" ಎಂದರು. ಉಸ್ತಾದರು ಬೈದರೆ ಹೆದರಬೇಕಿರಲಿಲ್ಲ. ಮೆಲ್ಲಗೆ ಮಾತಾಡಿದರೆ ಹೆದರಬೇಕಿತ್ತು.

ಇನ್ನು ಯಾರನ್ನೂ ನಂಬುವುದಿಲ್ಲ ಎಂದು ನಿರ್ಧರಿಸಿದೆ. ಜೀಪು ಒಮ್ಮೆ ಹೋಗಿಬಂದರೆ ಸುಮಾರು ನೂರು ಕಿಲೋಮೀಟರು. ಐದು ದಿನ ನಾನೇ ಅದರಲ್ಲಿ ಕುಳಿತು ಐದುನೂರು ಓಡಿಸಿಯೇ ಬರುತ್ತೇನೆಂದು ಹೊರಟೆ. ರಾತ್ರಿ ಸಾವ್ಕಾರರ ಗೋದಾಮಿನ ಕಟ್ಟೆಯ ಮೇಲೆ ವಸ್ತಿ, ಹಗಲು ಗೇರಿನ ಪಕ್ಕದಲ್ಲಿ ಮುದುಡಿಕೊಂಡು ಪ್ರಯಾಣ.

ಸರಿಯಾಗಿ ಕಟ್ಟಿದ ಹಳೇ ಡೀಸೆಲ್ ಎಂಜಿನ್ನು ಟಕ್ ಟಕ್ ಎನ್ನುತ್ತದೆ. ವಾಲ್ವು ಕಾದಾಗ ಉದ್ದವಾಗುತ್ತದೆ. ಅದಕ್ಕೆಂದು ಮೇಲೆ ಕೂದಲೆಳೆಯಷ್ಟು ಸಂದಿ ಬಿಟ್ಟಿರುತ್ತೇವೆ. ಆ ಸಂದಿಯದೇ ಸಪ್ಪಳ. ನನ್ನ ಕಿವಿಗೆ ಅದು ಹಾಡು. ಹಳಿಯಾಳದ ಸ್ಟ್ಯಾಂಡಿನಲ್ಲಿ ಉಳಿದ ಡ್ರೈವರುಗಳಿಗೆ ಮಾತ್ರ ಹಬ್ಬ.

"ಏ, ಜೀಪಿನ್ಯಾಗ ಟೈಪಿಂಗ್ ಕ್ಲಾಸ್ ಚಾಲೂ ಮಾಡೀರೇನ?"

"ಸಾವ್ಕಾರ್ರ ಗಾಡಿ ಹಲ್ಲ ಕಡ್ಯಾಕತ್ತೈತಿ ನೋಡ್ರೋ!"

ಸಾವ್ಕಾರರು ಅಂಗಡಿಯಲ್ಲಿ ಕುಳಿತು ಇದನ್ನೆಲ್ಲ ಕೇಳಿ ಕೆಂಪಗಾಗುತ್ತಿದ್ದರು. ಮೂರನೇ ಸಂಜೆ ಮುಂಡಗೋಡದ ಕಡೆ ಭತ್ತ ನೋಡುವುದಿದೆ ಎಂದು ಡ್ರೈವರನೊಂದಿಗೆ ಜೀಪು ತೆಗೆದುಕೊಂಡು ಹೋದರು. ಮರುದಿನ ಬೆಳಿಗ್ಗೆ ಡ್ರೈವರ್ ಜೀಪು ಚಾಲೂ ಮಾಡಿದರೆ ಬೆಣ್ಣೆಯಂತೆ ಮೆತ್ತಗೆ ಓಡುತ್ತಿದೆ. ಟಕ್ಕೂ ಇಲ್ಲ, ಟಿಕ್ಕೂ ಇಲ್ಲ. ನಾನು ಅವನ ಕೈ ಹಿಡಿದೆ.

"ಬಂದ್ ಮಾಡೋ! ಸಪ್ಪಳ ಎಲ್ಲಿ ಹೋತು?"

"ತಗಸೇವಿ," ಎಂದ, ಹಲ್ಲು ನೋವು ಹೋದವನಂತೆ. "ಮುಂಡಗೋಡದ ಹತ್ರ ಮಳಗಿ ಊರಾಗ ಪಂಪ್‌ಸೆಟ್ ರಿಪೇರಿ ಮಾಡಾಂವ ಒಬ್ಬ ಅದಾನ. ನಾವು ಚಾ ಕುಡಿಯೂದರೊಳಗ ಮ್ಯಾಲಿನ ಮುಚ್ಚಳ ತಗದು, ಸ್ಕ್ರೂ ಬಿಗದು, ಸಪ್ಪಳ ಪೂರಾ ತಗದಬಿಟ್ಟ."

"ಹಿಂದಿನ ಸಲನೂ ಅವನ ತಗದಿದ್ನೇನು?"

"ಎಲ್ಲಾ ಸಲನೂ ಅವನ. ನೀ ಸಪ್ಪಳ ಇಟ್ಟು ಕಳಸ್ತಿ, ಅಂವ ತಗೀತಾನ. ಬ್ಯಾಸರಾ ಮಾಡ್ಕೊಬ್ಯಾಡ, ಆದ್ರ ಅವನ ಕೈ ನಿನಗಿಂತ ಚಲೋ ಐತಿ."

ಎಂಜಿನ್ನು ಇನ್ನೂ ತಣ್ಣಗಿತ್ತು. ಅಲ್ಲೇ ಮುಚ್ಚಳ ಬಿಚ್ಚಿ, ಅಳತೆಯ ತಗಡು ಇಟ್ಟು ಎಂಟೂ ವಾಲ್ವಿಗೆ ಸಂದಿ ಬಿಟ್ಟೆ. ಆಮೇಲೆ ಸಾವ್ಕಾರರ ಮುಂದೆ ಸುಟ್ಟ ಹಳೇ ವಾಲ್ವು ಇಟ್ಟೆ. ಅದರ ಅಂಚು ಇಲಿ ಕಚ್ಚಿದ ಬಿಸ್ಕೀಟಿನಂತಿತ್ತು.

"ಸಂದಿ ಬಿಗದ್ರ ವಾಲ್ವು ಪೂರಾ ಮುಚ್ಚಂಗಿಲ್ರಿ. ಸಪ್ಪಳ ಇದ್ರ ಎಂಜಿನ್ನಿಗೆ ಆರೋಗ್ಯ. ಸುಮ್ಮಾತಂದ್ರ ಸಾವು ಹತ್ರ ಬಂತಂತ ತಿಳೀರಿ."

ಸಾವ್ಕಾರರು ವಾಲ್ವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹಂಗಾದ್ರ ನಮ್ಮ ಬಜಾರ್ ಕಮಿಟಿಗೆ ಇನ್ನೂ ನೂರು ವರ್ಷ ಆಯುಷ್ಯ ಐತಿ ಬಿಡು," ಎಂದರು.

೪. ತಿರುವಿನ ಆಚೆಯಿಂದ

ಐದುನೂರಾಯಿತು. ಹೆಡ್ಡಿನ ಬೋಲ್ಟು ಬಿಗಿದು, ಸಂದಿ ಮತ್ತೊಮ್ಮೆ ನೋಡಿ ಕಳಿಸಿದೆ. ಆಮೇಲೆ ಏಳೆಂಟು ತಿಂಗಳು ಜೀಪು ಗ್ಯಾರೇಜಿನ ಮುಂದೆಯೇ ಟಕ್ ಟಕ್ ಎನ್ನುತ್ತ ಹಾಯುತ್ತಿತ್ತು. ಡ್ರೈವರ್ ಕೈ ಬೀಸುತ್ತಿದ್ದ. ನಾನು ಉಸ್ತಾದರ ಕಡೆ ನೋಡುತ್ತಿದ್ದೆ. ಅವರು ನೋಡದವರಂತೆ ಬೀಡಿ ಹಚ್ಚುತ್ತಿದ್ದರು.

ಒಂದು ಮಧ್ಯಾಹ್ನ ರಸ್ತೆಯ ತಿರುವಿನ ಆಚೆಯಿಂದ ಹಲಗೆ ಬಡಿದಂಥ ಸಪ್ಪಳ ಕೇಳತೊಡಗಿತು. ಚಹಾದಂಗಡಿಯವರು ಯಾರದೋ ಮೆರವಣಿಗೆ ಎಂದು ಹೊರಗೆ ಬಂದರು. ತಿರುವು ದಾಟಿ ಬಂದದ್ದು ನಮ್ಮ ಜೀಪು. ಗ್ಯಾರೇಜಿನ ಮುಂದೆ ಬಂದು ಎರಡು ಸಲ ಕುಪ್ಪಳಿಸಿ, ಒಂದು ಕಬ್ಬಿಣ ಮುರಿದ ಸದ್ದು ಮಾಡಿ ನಿಂತಿತು. ಒಳಗಿಂದ ಡ್ರೈವರನ ಜೊತೆ ಸಾವ್ಕಾರರೂ ಇಳಿದರು.

ಸೀಟು ಹೋಯಿತು ಎಂದುಕೊಂಡೆ. ಒಳಗೆ ಹೋಗಿ ಹಗ್ಗದ ಮೇಲಿನ ಅಂಗಿ ತೆಗೆದು ಮಡಚತೊಡಗಿದೆ. ಹೊರಗೆ ಉಸ್ತಾದರು ತಾವೇ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸುವುದು ಕೇಳುತ್ತಿತ್ತು. ಹ್ಯಾಂಡಲ್ಲು ಕೈಯನ್ನು ಹಿಂದಕ್ಕೆ ಒತ್ತಿದರೆ ವಾಲ್ವು, ಸೀಟು ಗಟ್ಟಿ ಎಂದು ಅರ್ಥ. ನಾಲ್ಕು ಸಿಲಿಂಡರಿನಲ್ಲಿ ಮೊದಲನೆಯದು ಒತ್ತಿತು. ಎರಡನೆಯದು ಒತ್ತಿತು. ಮೂರನೆಯದೂ ಒತ್ತಿದಾಗ ನಾನು ಅಂಗಿ ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದೆ. ನಾಲ್ಕನೆಯದು ಒತ್ತಲಿಲ್ಲ. ಉಸ್ತಾದರು ಹ್ಯಾಂಡಲ್ ಬಿಟ್ಟು, ಮೇಲಿನ ಮುಚ್ಚಳ ಬಿಚ್ಚಿದರು. ಎಂಟೂ ಸಂದಿ ಒಳಗೆ ಬೆರಳು ಹೋಗುವಷ್ಟು ಅಗಲ! ವಾಲ್ವು ತಳ್ಳುವ ಒಂದು ಸರಳು ಸಡಿಲಾಗಿ ಜಾರಿ, ಸೊಟ್ಟಗಾಗಿ ಬಿದ್ದಿತ್ತು. ಸರಳನ್ನು ನೆಟ್ಟಗೆ ಮಾಡಿ ಹಾಕಿ ಮತ್ತೆ ಹ್ಯಾಂಡಲ್ ತಿರುಗಿಸಿದರು. ನಾಲ್ಕನೆಯದೂ ಗಟ್ಟಿಯಾಗಿ ಒತ್ತಿತು.

"ಸೀಟು ಕಲ್ಲಿನಂಗ ಅದಾವು," ಎಂದರು ಉಸ್ತಾದರು, ನನ್ನ ಕಡೆ ತಿರುಗದೆ. "ಅಂಗಿ ಒಣಗಿಲ್ಲ. ಮತ್ತ ಹಗ್ಗಕ್ಕ ಹಾಕು ಹೋಗು."

ಆಮೇಲೆ ಸಾವ್ಕಾರರ ಕಡೆ ನೋಡಿದರು. "ಇಷ್ಟು ಸಡ್ಲ ಮಾಡಿದಾಂವ ಯಾರ್ರಿ?"

ಸಾವ್ಕಾರರು ಎದೆ ಉಬ್ಬಿಸಿ ಮುಂದೆ ಬಂದರು.

"ನಾನ ಮಳಗಿಗೆ ಹೋಗಿ ನಿಂತು ಮಾಡಿಸೇನಿ. ಸಪ್ಪಳ ಇದ್ರ ಆರೋಗ್ಯ ಅಂತ ನಿಮ್ಮ ಹುಡುಗನ ಹೇಳ್ಯಾನ. ನಾಳೆ ಬೀಗರು ಇದರಾಗ ಕುಂತು ಊರಿಗೆ ಹೋಗವರಿದ್ರು. ದೂರದ ದಾರಿ ಅಂತ, ಚೂರು ಹೆಚ್ಚಿಗಿ ಆರೋಗ್ಯ ಹಾಕಿಸಿದೆ!"