ಪೆಟ್ಟಿಗೆಯಲ್ಲಿದ್ದವರಿಗೆ ಸೀರೆಯೋ ಧೋತರವೋ

ಎದುರಿಗೆ ಕೂತವರ ಮುಖ ನೋಡಿ ಮಾತಾಡುವ ಮರ್ಯಾದೆ ನನಗಿಲ್ಲ. ನನ್ನ ಕಣ್ಣು ಹೋಗುವುದು ಅವರ ಕಿವಿಯ ಹಿಂದೆ. ಅಲ್ಲಿ ಎಲುಬಿನ ಒಂದು ಗುಬುಟು ಇರುತ್ತದೆ, ಬೇಕಾದರೆ ನೀವೂ ಮುಟ್ಟಿ ನೋಡಿಕೊಳ್ಳಿ. ಹೆಣ್ಣು ನೋಡಲು ಹೋದಾಗಲೂ ಹೀಗೇ ಆಯಿತು. ಹುಡುಗಿ ಉಪ್ಪಿಟ್ಟಿನ ತಟ್ಟೆ ಚಾಚಿದರೆ ನಾನು ಅವಳ ಮುಂಗೈ ಎಲುಬಿನ ಉದ್ದವನ್ನು ಕಣ್ಣಲ್ಲೇ ಅಳೆಯುತ್ತ ಕೂತಿದ್ದೆ. ಬಳೆ ಚಿನ್ನದ್ದೋ ಅಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದೇನೆಂದು ಅವಳು ತಿಳಿದಳಂತೆ. ಆದರೂ ನನ್ನನ್ನು ಮದುವೆಯಾದಳು, ಅದು ಅವಳ ದೊಡ್ಡತನ.

ಈ ಚಟ ಅಂಟಿದ್ದು ಗೋವಾದಲ್ಲಿ, ಎಂಬತ್ತರ ದಶಕದ ಕೊನೆಯಲ್ಲಿ. ಆಗ ನಾನು ಧಾರವಾಡದಲ್ಲಿ ಮಾನವಶಾಸ್ತ್ರ ಓದುತ್ತಿದ್ದೆ. ದಸರೆಯ ಸೂಟಿಗೆ ಪಣಜಿಯ ಪಕ್ಕದ ಚಿಂಬಲ್‌ನಲ್ಲಿದ್ದ ಅಕ್ಕನ ಮನೆಗೆ ಬಂದಿದ್ದೆ. ಸೂಟಿ ಮುಗಿಯುವುದರೊಳಗೆ ಎಲುಬುಗಳನ್ನು ಗುರುತಿಸಲು ಕಲಿತು ಒಂದು ವರದಿ ಬರೆಯಬೇಕಿತ್ತು. ತರಗತಿಯಲ್ಲಿ ಇದ್ದದ್ದು ಒಂದೇ ಅಸ್ಥಿಪಂಜರ, ಅದರ ಸುತ್ತ ನಿಲ್ಲುವವರು ಹತ್ತಾರು ಮಂದಿ. ನನ್ನ ಪಾಲಿಗೆ ಸಿಗುತ್ತಿದ್ದದ್ದು ಯಾವಾಗಲೂ ಪಾದ. ಪಾದದ ಮಟ್ಟಿಗೆ ನಾನು ಪಂಡಿತ, ಉಳಿದದ್ದೆಲ್ಲ ಪುಸ್ತಕದ ಬದನೆಕಾಯಿ.

ಭಾವ ಕಟ್ಟಡಗಳ ಗೋಡೆಗೆ ಸಿಮೆಂಟಿನ ಗಿಲಾವು ಮಾಡುತ್ತಿದ್ದ. ಆಗ ಅವನು ಕೆಲಸ ಮಾಡುತ್ತಿದ್ದದ್ದು ಪಣಜಿಯ ಒಬ್ಬ ಮುದುಕ ಡಾಕ್ಟರರ ಮನೆಯಲ್ಲಿ. ನನ್ನ ಗೋಳು ಕೇಳಿದ ಡಾಕ್ಟರು ತಾವು ಓದುವಾಗ ಇಟ್ಟುಕೊಂಡಿದ್ದ ಎಲುಬಿನ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಕೊಟ್ಟರು. ಭಾವ ಅದನ್ನು ಸಿಮೆಂಟ್ ಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದ. ಪಕ್ಕದಲ್ಲಿ ಕೂತವರು ಏನೆಂದು ಕೇಳಿದ್ದಕ್ಕೆ ಶಾಬಾದಿ ಕಲ್ಲು ಎಂದನಂತೆ. ಅಕ್ಕನ ಮನೆಯೆಂದರೆ ತಗಡಿನ ಮಾಡಿನ ಒಂದೇ ಕೋಣೆ. ಪೆಟ್ಟಿಗೆ ಸಹಜವಾಗಿಯೇ ಮಂಚದ ಕೆಳಗೆ, ಜೋಳದ ಡಬ್ಬಿಯ ಪಕ್ಕ ಸೇರಿತು.

ಮರುದಿನ ಬೆಳಿಗ್ಗೆ ಜೋಳ ತೆಗೆಯಲು ಹೋದ ಭಾವನ ತಾಯಿ ಗಂಗವ್ವ ಪೆಟ್ಟಿಗೆಯ ಮುಚ್ಚಳ ತೆಗೆದಳು. ಈಗ ಊರು ಒಂದಾಗುವಂತೆ ಕೂಗುತ್ತಾಳೆಂದು ನಾನು ಚಪ್ಪಲಿ ಹುಡುಕುತ್ತಿದ್ದೆ. ಅವಳು ಕೂಗಲಿಲ್ಲ. ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದಳು.

“ಯಾರ್ದೋ ತಮ್ಮಾ ಇದು?”

“ಯಾರ್ದೋ ಗೊತ್ತಿಲ್ರಿ ಅತ್ತಿ. ವಾರಸುದಾರರು ಇಲ್ಲದವರದಿರಬೇಕು.”

“ಗಂಡಸೋ, ಹೆಂಗಸೋ?”

ನಮ್ಮ ಮೇಷ್ಟ್ರು ಕೇಳುತ್ತಿದ್ದದ್ದೂ ಇದೇ ಪ್ರಶ್ನೆ. ಆದರೆ ಅವರು ಕೇಳುತ್ತಿದ್ದದ್ದು ಅಂಕ ಕೊಡಲಿಕ್ಕೆ. ಅತ್ತಿ ಕೇಳಿದ್ದಕ್ಕೆ ಬೇರೆ ಕಾರಣವಿತ್ತು, ಅದು ಮನೆಯವರಿಗೆಲ್ಲ ಗೊತ್ತಿತ್ತು. ಭಾವ ತೊಟ್ಟಿಲಲ್ಲಿದ್ದಾಗಲೇ ಗೋವಾಕ್ಕೆ ದುಡಿಯಲು ಬಂದ ಅವಳ ಗಂಡ ತಿರುಗಿ ಊರಿಗೆ ಹೋಗಿರಲಿಲ್ಲ. “ಪರಂಗ್ಯಾರು ಬಿಟ್ಟು ಹೋದ್ರಂತ, ಈಗ ಬಂದರದಾಗ ಕೆಲಸ ಭಾಳ ಅದಾವಂತ, ಅಂತ ಹೇಳಿ ಹೋದ್ರು” ಎಂದು ಅವಳು ಯಾವಾಗಲೂ ಹೇಳುವವಳೇ. ಸತ್ತ ಸುದ್ದಿ ಬಂದಿಲ್ಲವಾದ್ದರಿಂದ ಅವಳ ಹಣೆಯ ಮೇಲೆ ಕಾಸಿನಗಲ ಕುಂಕುಮ ಇತ್ತು, ಕೈತುಂಬ ಹಸಿರು ಬಳೆ ಇತ್ತು. ಮಹಾನವಮಿ ಅಮಾಸಿಗೆ ಹಿರಿಯರಿಗೆ ಎಡೆ ಇಡುವಾಗ ಅವನ ಹೆಸರಿನಲ್ಲಿ ಧೋತರ ಇಡುತ್ತಿರಲಿಲ್ಲ. ಈ ಸಲದ ಅಮಾಸಿ ಹತ್ತಿರ ಬಂದಿತ್ತು.

“ಬರೋಬ್ಬರಿ ನೋಡಿ ಹೇಳು,” ಎಂದಳು ಅತ್ತಿ. “ಮನಿಗೆ ಬಂದಾರಂದಮ್ಯಾಲೆ ಎಡಿ ಇಡಬೇಕು. ಹೆಂಗಸಾದ್ರ ಸೀರಿ, ಗಂಡಸಾದ್ರ ಧೋತರ. ಗಂಡಸಾದ್ರ... ಅವರ ಬಲ ಮುಂಗೈ ಮುರಿದಿತ್ತು ನೋಡು. ಚಕ್ಕಡಿಯಿಂದ ಬಿದ್ದು. ಸೊಟ್ಟ ಕೂಡಿತ್ತು.”

ಪುಸ್ತಕ ತೆಗೆದೆ. ಗಂಡೋ ಹೆಣ್ಣೋ ತಿಳಿಯಲು ಸೊಂಟದ ಎಲುಬಿಗಿಂತ ನಂಬಿಕಸ್ಥ ಇನ್ನೊಂದಿಲ್ಲ ಎಂದಿತ್ತು. ಪೆಟ್ಟಿಗೆಯಲ್ಲಿ ಸೊಂಟದ ಎಲುಬೇ ಇರಲಿಲ್ಲ. ತಲೆಬುರುಡೆಯಾದರೆ ಹುಬ್ಬಿನ ದಿಣ್ಣೆ, ಗದ್ದ, ಕಿವಿಯ ಹಿಂದಿನ ಗುಬುಟು ನೋಡಬೇಕು. ದಪ್ಪವಿದ್ದರೆ ಗಂಡು, ನಯವಿದ್ದರೆ ಹೆಣ್ಣು. ನಮ್ಮ ಬುರುಡೆಗೆ ಹುಬ್ಬು ನಯ, ಗುಬುಟು ದಪ್ಪ. ದಪ್ಪವೆಂದರೆ ಎಷ್ಟು ದಪ್ಪ ಎಂದು ತಿಳಿಯಲು ಮನೆಯವರ ಕಿವಿಯ ಹಿಂದೆ ಕೈಹಾಕತೊಡಗಿದೆ. ಸುದ್ದಿ ಹಬ್ಬಿ ನಳದ ಹತ್ತಿರ ನೀರಿಗೆ ನಿಂತವರೂ ಕೊಡ ಪಾಳಿಯಲ್ಲಿಟ್ಟು ತಲೆ ಕೊಟ್ಟರು. ನೆತ್ತಿಯ ಮೇಲೆ ವರ್ಷಗಟ್ಟಲೆ ಕಾಂಕ್ರೀಟ್ ಬುಟ್ಟಿ ಹೊತ್ತ ಅಕ್ಕನಂಥ ಹೆಂಗಸರ ಗುಬುಟು ಅಡಕೆಯಷ್ಟು ದಪ್ಪ, ಕತ್ತಿನ ಎಲುಬೂ ಗಟ್ಟಿ. ಮೀಸೆ ಹುರಿ ಮಾಡಿಕೊಂಡು ಬಂದು ಕೂತ ಭಾವನ ಹುಬ್ಬು ಮಾತ್ರ ಅವನೇ ತೀಡಿದ ಗೋಡೆಯಷ್ಟು ನಯ. ಪುಸ್ತಕದ ಪ್ರಕಾರ ನಮ್ಮ ಮನೆಯಲ್ಲಿ ಅಕ್ಕ ಗಂಡ, ಭಾವ ಹೆಂಡತಿ. ಅಕ್ಕ ಇದನ್ನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಭಾವ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ನನಗೋ ಮಜಾ ಎನಿಸುತ್ತಿತ್ತು. ಎಲುಬು ಕಲ್ಲಿನ ಹಾಗೆ ಇದ್ದಲ್ಲೇ ಇರುವುದಲ್ಲ, ಹೊತ್ತ ಭಾರವನ್ನು ತನ್ನ ಮೈಮೇಲೆ ಬರೆದುಕೊಳ್ಳುತ್ತದೆ ಎಂಬುದು ಕೈಬೆರಳಿಗೆ ತಿಳಿಯುತ್ತಿತ್ತು.

ಮುರಿದ ಕೈಯ ವಿಷಯ ಸುಲಭವಿತ್ತು. ಮುರಿದು ಕೂಡಿದಲ್ಲಿ ಗಂಟು ಉಳಿಯುತ್ತದೆ. ಬಲ ಮುಂಗೈಯ ಎಲುಬನ್ನು ಹುಡುಕಿ ಅತ್ತಿಯ ಬೆರಳನ್ನೇ ಅದರ ಮೇಲೆ ಸರಿಸಿದೆ. ನೆಟ್ಟಗೆ, ನಯವಾಗಿತ್ತು. “ಇವರು ಅವರಲ್ರಿ ಅತ್ತಿ” ಎಂದೆ, ದೊಡ್ಡ ವಿದ್ವಾಂಸನ ಗತ್ತಿನಲ್ಲಿ. ಅತ್ತಿ ಉಸಿರು ಬಿಟ್ಟಳು. ಅದು ಸಮಾಧಾನವೋ ನಿರಾಸೆಯೋ ನನಗೆ ತಿಳಿಯಲಿಲ್ಲ. ಆಮೇಲೆ ಅಂದಳು: “ಹಂಗಾರ ಯಾರರೆ ಇರ್ಲಿ. ಪಾಪ, ಇಕ್ಕಟ್ಟಿನ್ಯಾಗ ಮಡಚಿ ಬಿದ್ದಾರ. ಎಡಿ ಇಡೂಮುಂದರೆ ಕೈಕಾಲು ಚಾಚಿ ಮಲಗಿಸು.”

ಅಮಾಸಿಯ ಹಿಂದಿನ ದಿನ ಚಾಪೆ ಹಾಸಿ ತಲೆಯಿಂದ ಜೋಡಿಸುತ್ತ ಬಂದೆ. ತೊಡೆಯ ಎಲುಬಿನ ಗುಂಡುತಲೆ ಯಾವಾಗಲೂ ಸೊಂಟದ ಕಡೆಗೆ ತಿರುಗಿರಬೇಕು. ಎಡದ್ದು ಸರಿಯಾಗಿ ಕೂತಿತು. ಬಲದ್ದರ ತಲೆ ಗೋಡೆ ನೋಡುತ್ತಿತ್ತು. ಮಗುಚಿ ಹಾಕಿದರೆ ತಲೆ ಒಳಗೆ ಬಂತು, ಬೆನ್ನು ಮೇಲಾಯಿತು. ಮತ್ತೆ ಮಗುಚಿದೆ. ಎರಡೂ ಎಡತೊಡೆಗಳು! ನಾನು ಇಷ್ಟು ದಿನ ಇಬ್ಬರನ್ನು ಸೇರಿಸಿ ಒಬ್ಬರನ್ನು ಮಾಡುತ್ತಿದ್ದೆ. ಆ ನೆಟ್ಟಗಿನ ಕೈ ಇಬ್ಬರಲ್ಲಿ ಯಾರದೋ, ಇನ್ನೊಬ್ಬರ ಕೈ ಎಲ್ಲಿದೆಯೋ!

ಹೇಳದೆ ಗತ್ಯಂತರವಿರಲಿಲ್ಲ, ಅತ್ತಿ ಎದುರಿಗೇ ಕೂತಿದ್ದಳು. ಹೇಳಿದೆ. ಅವಳ ಕೈ ತನಗೆ ತಾನೇ ಹಣೆಯ ಕುಂಕುಮಕ್ಕೆ ಹೋಯಿತು.

“ಹಂಗಾರ ಇನ್ನೊಬ್ಬರು ಅವರ ಇರಬಹುದೇನೋ?”

“ಇರಬಹುದು, ಇರದೇನೂ ಇರಬಹುದು” ಎಂದೆ. ಇಂಥ ಉತ್ತರ ಪರೀಕ್ಷೆಯಲ್ಲಿ ನಡೆಯುತ್ತದೆ. ಅವಳ ಮುಖ ನೋಡಲಾಗದೆ ಉಳಿದ ಎಲುಬುಗಳನ್ನು ಮತ್ತೆ ಮತ್ತೆ ಅಳೆದೆ. ಉದ್ದ, ಸುತ್ತಳತೆ, ಭಾಗಾಕಾರ, ಗುಣಾಕಾರ, ಎಲ್ಲ ಆಯಿತು.

ಅಕ್ಕ ರೊಟ್ಟಿ ಬಡಿಯುತ್ತ ಕೂತಿದ್ದವಳು ತಿರುಗಿ ನೋಡಲೂ ಇಲ್ಲ. “ಅಲ್ಲೋ, ಡಾಕ್ಟರ್‌ಗೆ ಪೆಟ್ಟಿಗಿ ಎಂದಿಂದು ಅಂತ ಕೇಳಿಯೇನು?”

ಕೇಳಿರಲಿಲ್ಲ. ಬಸ್ಸು ಹತ್ತಿ ಓಡಿದೆ. ಡಾಕ್ಟರು ಬಾಲ್ಕನಿಯಲ್ಲಿ ಆರಾಮಕುರ್ಚಿ ಹಾಕಿಕೊಂಡು ಕೂತಿದ್ದರು. “ಅರೇ ಬಾಬಾ, ಪುರ್ತುಗೇಜಾಂಚ್ಯಾ ಕಾಳಾರ್!” ಎಂದು ನಕ್ಕರು. ಪೋರ್ಚುಗೀಸರ ಕಾಲದಲ್ಲಿ, ಅವರು ವಿದ್ಯಾರ್ಥಿಯಾಗಿದ್ದಾಗ ತೆಗೆದುಕೊಂಡದ್ದಂತೆ. ಜೊತೆಗಿದ್ದ ಗೆಳೆಯನ ಪೆಟ್ಟಿಗೆಯ ಎಲುಬುಗಳೂ ಅದರೊಳಗೆ ಬೆರೆತಿದ್ದವಂತೆ. ಪರಂಗಿಯವರು ಹೋದ ಮೇಲೆ ಗೋವಾಕ್ಕೆ ಬಂದ ಮನುಷ್ಯ, ಪರಂಗಿಯವರಿದ್ದಾಗಲೇ ಪೆಟ್ಟಿಗೆ ಸೇರಲು ಹೇಗೆ ಸಾಧ್ಯ? ನನ್ನ ಅಳತೆಪಟ್ಟಿ, ಧಾರವಾಡದಿಂದ ಹೊತ್ತು ತಂದ ಪುಸ್ತಕ, ಓಣಿಯವರ ಕಿವಿ, ಎಲ್ಲ ಒಂದು ಪ್ರಶ್ನೆಯ ಮುಂದೆ ದಂಡವಾಗಿದ್ದವು.

ಸುದ್ದಿ ಕೇಳಿ ಅತ್ತಿ ಎದ್ದು ಹೋಗಿ ಕನ್ನಡಿ ಮುಂದೆ ನಿಂತು, ಬೆವರಿಗೆ ಕದಡಿದ್ದ ಕುಂಕುಮವನ್ನು ಒರೆಸಿ ಮೊದಲಿಗಿಂತ ದೊಡ್ಡದಾಗಿ ಇಟ್ಟುಕೊಂಡಳು.

ಅಮಾಸಿಯ ದಿನ ಎರಡು ಎಡೆ ಬಿದ್ದವು. ಹೋಳಿಗೆ, ಕಡುಬು, ಪುಂಡಿಪಲ್ಯ. ಎರಡೂ ಎಡೆಗಳ ಮುಂದೆ ಒಂದೊಂದು ಸೀರೆ, ಒಂದೊಂದು ಧೋತರ. “ಯಾರು ಏನ್ ಉಡ್ತಾರೋ ಅವರಿಗೆ ಬಿಟ್ಟದ್ದು” ಎಂದಳು ಅತ್ತಿ. ನನ್ನ ವರದಿಯ ಕೊನೆಯಲ್ಲಿ ನಾನೂ ಹೆಚ್ಚುಕಡಿಮೆ ಇದನ್ನೇ ಬರೆದೆ. ಆಮೇಲೆ ಅವಳು ಊದಿನಕಡ್ಡಿಯ ಕೈಯಲ್ಲೇ ನನ್ನ ಕಿವಿಯ ಹಿಂದೆ ಬೆರಳಾಡಿಸಿದಳು.

“ತಮ್ಮಾ, ನಿಂದೂ ಖರೇನ ಭಾಳ ಸಣ್ಣದೈತಿ. ಮುಂದ ನಿನ್ನ ಹೇಂತಿಗೆ ಹೇಳಿಡು, ನಿನ್ನ ಎಡಿಗೂ ಎರಡೂ ಇಡಲಿ.”

ಮದುವೆಯಾದ ಹೊಸದರಲ್ಲಿ ಇದನ್ನು ಹೆಂಡತಿಗೆ ಹೇಳಿದೆ. ಎಡೆಗಿಟ್ಟ ಬಟ್ಟೆಯನ್ನು ಆಮೇಲೆ ಮನೆಯವರೇ ಉಡುವುದು ನಮ್ಮಲ್ಲಿ ರೂಢಿ. ಅವಳು ನನ್ನ ಕಿವಿಯ ಹಿಂದೆ ಮುಟ್ಟಿ ನೋಡಿ ಸ್ವಲ್ಪ ಯೋಚಿಸಿ, “ಧೋತರ ಯಾಕೆ ದಂಡ, ಎರಡೂ ಸೀರೆಯೇ ಇಡುತ್ತೇನೆ ಬಿಡಿ” ಎಂದಳು.