ಹಸಿ ಫರಸಿಯ ಮೇಲೆ ಉಮಾದೇವಿ

"ನಾಳಿ ಎದುರಿಗೆ ನಿಂತು ಹೇಳೇ ಬಿಡ್ತೀನಿ! 'ಅಕ್ಕಾರೆ, ನಿಮ್ಮ ನಾಟಕ ಹನ್ನೊಂದು ಸಲ ನೋಡೀನಿ. ನಿಮ್ಮಂಥ ಅತ್ತಿ ಈ ಭೂಮಿ ಮ್ಯಾಲ ಇನ್ನೊಬ್ಬಾಕಿ ಇಲ್ಲ' ಅಂತ!"

ರೊಟ್ಟಿ ಮುರಿಯುತ್ತ ಅಂಬರೇಶ ಹೀಗೆ ಘೋಷಿಸಿದಾಗ ಹೆಂಡತಿ ದೇವಿಕಾ ತಲೆಯೆತ್ತದೆ ಕೇಳಿದಳು: "ಯಾಕ, ನಿಮ್ಮವ್ವ ಇಲ್ಲೇನ್ರಿ?"

ಅಂಬರೇಶ ರಾವೂರಿನ ಗೌಂಡಿ, ಗಾರೆ ಕೆಲಸದವನು. ಅವನು ನೆಲಕ್ಕೆ ಫರಸಿಕಲ್ಲು ಹಾಸಿದ ಮನೆಯಲ್ಲಿ ನೀರು ಅವನು ಹೇಳಿದ ದಿಕ್ಕಿಗೇ ಹರಿಯಬೇಕು, ಅಂಥ ಹೆಸರು! ಉಮಾದೇವಿಯೋ ನಾಟಕ ಕಂಪನಿಯ ಜಗಳಗಂಟಿ ಅತ್ತೆ. ಆಕೆ ರಂಗದ ಮೇಲೆ ಕಾಲಿಟ್ಟರೆ ವಾಡಿಯಿಂದ ಸೇಡಂವರೆಗೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆಕೆ ಚಿತ್ತಾಪುರದಲ್ಲಿ ಕಟ್ಟಿಸುತ್ತಿದ್ದ ಮನೆಯ ಅಡುಗೆಕೋಣೆಗೆ ಫರಸಿ ಹಾಸುವ ಭಾಗ್ಯ ಅಂಬರೇಶನದಾಗಿತ್ತು.

ಮರುದಿನ ನಾಲ್ಕು ಫರಸಿ ಕೂರಿಸಿ, ಲೆವೆಲ್ ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡ. ಜತೆಗೆ ಕೆಲಸಕ್ಕೆ ಬಂದಿದ್ದ ದೇವಿಕಾ ನೀರು ತರಲು ಹಿತ್ತಲಿಗೆ ಹೋದಳು. ಗಾರೆ ಆರದ ಹಸಿ ಫರಸಿಯನ್ನು ಒಂದು ದಿನ ಯಾರೂ ತುಳಿಯುವಂತಿಲ್ಲ. ಇದು ಅಂಬರೇಶನ ಕಾನೂನು. ಹಿಂದೊಮ್ಮೆ ಪಂಚಾಯಿತಿ ಅಧ್ಯಕ್ಷರನ್ನೇ ಗದರಿಸಿ ಕೆಳಗಿಳಿಸಿದ ಗಂಡು ಇವನು!

ಆಗ ಬಾಗಿಲಲ್ಲಿ ಉಮಾದೇವಿ ಪ್ರತ್ಯಕ್ಷ!

"ಏನ್ರಿ ಗೌಂಡಿ, ಇಲ್ಲಿ ನಿಂದರಬಹುದಲ್ಲ?"

ಅಂಬರೇಶನ ನಾಲಿಗೆ ಅಂಗುಳಕ್ಕೆ ಅಂಟಿತು. ತಲೆ ಮಾತ್ರ ತನ್ನಷ್ಟಕ್ಕೆ ತಾನೇ 'ಹೂಂ' ಎಂದಿತು. ಸಾಕ್ಷಾತ್ ಅತ್ತೆ ಬಂದು ಫರಸಿಯ ನಟ್ಟನಡುವೆ ನಿಂತರು.

"ಮನಿ ಯಾವಾಗ ಮುಗೀತದ?"

ಅಂಬರೇಶ ಕುಕ್ಕರಿಸಿ ಕೂತು ಲೆವೆಲ್ ಪಟ್ಟಿ ಒರೆಸತೊಡಗಿದ.

"ನನ್ನ ಗುರ್ತು ಸಿಕ್ಕಿಲ್ಲೇನು?"

ಸಿಕ್ಕಿದೆ ತಾಯಿ, ಸಿಕ್ಕಿರುವುದೇ ಗ್ರಹಚಾರ! ಆದರೆ ಮಾತು ಗಂಟಲಿನಿಂದ ಹೊರಗೆ ಬರಬೇಕಲ್ಲ? ಅವನು ಕಣ್ಣರಳಿಸಿಕೊಂಡು ಆಕೆಯ ಪಾದಗಳನ್ನೇ ನೋಡುತ್ತಿದ್ದ. ಎಡಗಾಲ ಕೆಳಗಿನ ಫರಸಿ ಆಗಲೇ ಒಂದು ಬೆರಳು ಇಳಿದಿತ್ತು.

ಉಮಾದೇವಿಗೆ ಅವಮಾನವಾಯಿತು. ಇಡೀ ಜಿಲ್ಲೆಯನ್ನೇ ನಗಿಸಿದವರ ಮುಂದೆ ಈ ಗೌಂಡಿ ಹೆಣ ಕಂಡವನ ಹಾಗೆ ಕೂತಿದ್ದಾನೆ! ಸೆರಗು ಸೊಂಟಕ್ಕೆ ಸಿಕ್ಕಿಸಿ ನಾಟಕದ ಅತ್ತೆಯೇ ಆಗಿಬಿಟ್ಟರು.

"ಏ ಸೊಸಿ! ಸೂರ್ಯಾ ನೆತ್ತಿಗಿ ಬಂದ, ಇನ್ನ ಚಾ ಇಲ್ಲ! ನಿಮ್ಮಪ್ಪ ಏನು ಗಾದಿ ಕಳಸ್ಯಾನೇನು ಮಲಗಾಕ?"

ಧಪ್! ಅದು ಜನ ಶಿಳ್ಳೆ ಹೊಡೆಯುವ ಹೆಜ್ಜೆ. ಎರಡನೆಯ ಫರಸಿ ಇಳಿಯಿತು. ಅಂಬರೇಶ ನಗಲಿಲ್ಲ. ಧಪ್! ಧಪ್! ಮೂರನೆಯದು! ಬೆವರು ಒರೆಸಿಕೊಂಡನೇ ಹೊರತು ಆಗಲೂ ನಗಲಿಲ್ಲ. ಆಕೆಯೂ ಸೋಲಲಿಲ್ಲ, ಇಲ್ಲದ ಸೊಸೆಯ ಬೆನ್ನಟ್ಟಿ ಕೋಣೆಯ ತುಂಬ ಒಂದು ಸುತ್ತು ಕುಣಿದುಬಿಟ್ಟರು.

ಕೊಡ ಹೊತ್ತು ಬಂದ ದೇವಿಕಾ ಚೀರಿದಳು: "ಅಯ್ಯಯ್ಯ ಅಕ್ಕಾರೆ, ಇಳೀರಿ! ಹಸಿ ಫರಸಿ ಅದು!"

ಬಚ್ಚಲಿಗೆ ಹೋಗಬೇಕಾದ ನೀರು ಸೀದಾ ದೇವರಮನೆಗೆ ಹೋಗುವಷ್ಟು ತಗ್ಗಾಗಿತ್ತು ನೆಲ.

"ಮತ್ತ ಈ ಮನುಷ್ಯಾ ಬಾಯಿ ಬಿಟ್ಟು ಹೇಳಬಾರದೇನು?"

"ನಿಮ್ಮ ನಾಟಕ ಹನ್ನೊಂದು ಸಲ ನೋಡ್ಯಾರ್ರಿ. ನೀವಂದ್ರ ದೇವರು. ಅದಕ್ಕ ಬಾಯಿ ಕಟ್ಟ್ಯಾದ."

ಉಮಾದೇವಿ ಕರಗಿ ನೀರಾದರು. ಅಂಬರೇಶ ನಾಚಿಕೆಯಿಂದ ಭೂಮಿಗಿಳಿದುಹೋದ. ಹೆಸರು ಮಣ್ಣುಪಾಲಾಗಿತ್ತು, ಮಾತನ್ನು ಹೆಂಡತಿ ಹೇಳಿ ಮುಗಿಸಿದ್ದಳು. ತುಟಿ ಕಚ್ಚಿ ನಾಲ್ಕೂ ಫರಸಿ ಕಿತ್ತು, ಸಂಜೆಯವರೆಗೆ ಮತ್ತೆ ಕೂರಿಸಿದ.

ಅಷ್ಟರಲ್ಲಿ ಉಮಾದೇವಿ ಸ್ವತಃ ಚಹಾ ಹಿಡಿದು ಹೊಸ್ತಿಲಿಗೆ ಬಂದರು. "ಹೆದರಬ್ಯಾಡ ತಮ್ಮಾ, ಏನು ಹೇಳೋದದ ಮನಸು ಬಿಚ್ಚಿ ಹೇಳು" ಎಂದು ಪ್ರೀತಿಯಿಂದ ಒಳಗಿಡಲು ಕಾಲೆತ್ತಿದರು.

ಅಂಬರೇಶ ಎದೆ ತುಂಬ ಉಸಿರೆಳೆದುಕೊಂಡ. ಬಾಯಿ ತೆರೆಯಿತು.

"ಏಯ್! ತಗೀ ಕಾಲು! ಕಣ್ಣು ಕಾಣಂಗಿಲ್ಲೇನು?"

ಚಿತ್ತಾಪುರದ ಅರ್ಧ ಓಣಿಗೆ ಕೇಳಿತು. ಉಮಾದೇವಿ ಒಂಟಿಕಾಲಲ್ಲೇ ನಿಂತು, ಚಹಾದ ಕಪ್ಪನ್ನು ದೇವಿಕಾಳ ಕೈಗಿತ್ತರು.

"ಇದು ನೀ ಕುಡಿ ತಂಗಿ. ನಿನ್ನ ಗಂಡಗ ನನ್ನ ಮ್ಯಾಲ ಭಕ್ತಿ ಇದ್ದಾಗೇ ಛಲೋ ಇತ್ತು!"